ಮೋಟಾರು ಹತ್ತದ ಊರು: ಆಲ್ಪ್ಸ್ ಪರ್ವತದ ಮ್ಯೂರೆನ್ ಗ್ರಾಮ

‘ರಜೆ’ ಎಂಬ ಶಬ್ದಕ್ಕೆ ದೇಶದೇಶಗಳಲ್ಲಿ ಬೇರೆ ಬೇರೆ ಅರ್ಥವಿದೆ. ಕೆಲವರಿಗೆ ಅದು ಕೆಲಸವಿಲ್ಲದ ದಿನ. ಕೆಲವರಿಗೆ ಹುಟ್ಟೂರಿಗೆ ಹೋಗುವ ದಿನ. ಯುರೋಪಿನ ಅನುಕೂಲಸ್ಥರಲ್ಲಿ ಅನೇಕರಿಗೆ ಚಳಿಗಾಲದ ರಜೆಯೆಂದರೆ ಆಲ್ಪ್ಸ್ ಪರ್ವತಕ್ಕೆ ಹೋಗಿ, ಕಾಲಿಗೆ ಎರಡು ಉದ್ದನೆಯ ಹಲಗೆಗಳನ್ನು ಕಟ್ಟಿಕೊಂಡು, ಹಿಮದ ಇಳಿಜಾರಿನಲ್ಲಿ ಜಾರಿ ಬರುವುದು. ಈ ಆಟಕ್ಕೆ ಸ್ಕೀಯಿಂಗ್ ಎಂದು ಹೆಸರು, ಕನ್ನಡದಲ್ಲಿ ಹಿಮಜಾರಾಟವೆನ್ನಬಹುದು. ಈ ಆಟ ನಡೆಯುವ ಊರುಗಳಲ್ಲಿ ಕೆಲವಕ್ಕೆ ಒಂದು ವಿಶೇಷವಿದೆ. ಅಲ್ಲಿಗೆ ಹಣವಂತರು ಬರುತ್ತಾರೆ. ಆದರೆ ಹಣವಂತರ ಕಾರು ಬರುವಂತಿಲ್ಲ. ಈ ಏರ್ಪಾಡು ಹೇಗೆ ಹುಟ್ಟಿತು, ಹೇಗೆ ಉಳಿಯಿತು, ಅದರ ಹೊರೆಯನ್ನು ಯಾರು ಹೊತ್ತರು ಎಂಬುದನ್ನು ಮ್ಯೂರೆನ್ ಎಂಬ ಒಂದು ಗ್ರಾಮವನ್ನು ಮುಖ್ಯವಾಗಿಟ್ಟುಕೊಂಡು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಊರಿನ ನೆಲೆ

ಸ್ವಿಟ್ಜರ್ಲೆಂಡಿನ ಬೆರ್ನ್ ಪ್ರಾಂತದಲ್ಲಿ ಲೌಟರ್‌ಬ್ರುನೆನ್ ಎಂಬ ಕಣಿವೆಯಿದೆ. ಪ್ರಾಚೀನ ಕಾಲದಲ್ಲಿ ಹಿಮನದಿಯೊಂದು ಇದನ್ನು ಕೊರೆದು ಹೋದುದರಿಂದ ಇದರ ಎರಡು ಪಕ್ಕಗಳೂ ಗೋಡೆಗಳಂತೆ ನೆಟ್ಟಗೆ ನಿಂತಿವೆ; ತಳ ಮಾತ್ರ ಚಪ್ಪಟೆಯಾಗಿದೆ. ಗೋಡೆಗಳ ಮೇಲಿನಿಂದ ಅನೇಕ ಜಲಪಾತಗಳು ಧುಮುಕುತ್ತವೆ. ಅವುಗಳಲ್ಲಿ ಪ್ರಸಿದ್ಧವಾದ ಸ್ಟೌಬ್‌ಬಾಕ್ ಸುಮಾರು 300 ಮೀಟರು ಎತ್ತರದಿಂದ ಬೀಳುವಾಗ ಗಾಳಿಗೆ ಸಿಕ್ಕಿ ತುಂತುರಾಗಿ ಚದುರಿಹೋಗುತ್ತದೆ. ಆ ಹೆಸರಿಗೆ ‘ಧೂಳಿನ ಹಳ್ಳ’ ಎಂದೇ ಅರ್ಥ. ಜರ್ಮನ್ ಕವಿ ಗಯಟೆಯು 1779ರಲ್ಲಿ ಇದನ್ನು ಕಂಡು ಒಂದು ಕವಿತೆಯನ್ನು ಬರೆದನು.

ಈ ಕಣಿವೆಯ ಪಶ್ಚಿಮದ ಗೋಡೆಯ ನೆತ್ತಿಯಲ್ಲಿ, ಮನೆಯ ಜಗುಲಿಯ ಹಾಗೆ ಚಾಚಿಕೊಂಡ ಹುಲ್ಲುನೆಲದ ಮೇಲೆ ಮ್ಯೂರೆನ್ ಗ್ರಾಮವಿದೆ. ಸಮುದ್ರಮಟ್ಟದಿಂದ ಇದರ ಎತ್ತರ ಸುಮಾರು 1,640 ಮೀಟರು. ಕೆಳಗಿನ ಕಣಿವೆಯಿಂದ ಸುಮಾರು 800 ಮೀಟರು. ಊರಿನ ಬೀದಿಯಲ್ಲಿ ನಿಂತವನಿಗೆ ಎದುರಿನಲ್ಲಿಯೇ ಮೂರು ಶಿಖರಗಳ ಸಾಲು ಕಾಣುತ್ತದೆ: 3,967 ಮೀಟರಿನ ಐಗರ್, 4,100 ಮೀಟರಿಗೂ ಮಿಕ್ಕ ಮ್ಯೋಂಖ್, 4,158 ಮೀಟರಿನ ಯುಂಗ್‌ಫ್ರೌ. ಕೊನೆಯ ಎರಡು ಹೆಸರುಗಳಿಗೆ ಸನ್ಯಾಸಿ ಮತ್ತು ಕನ್ಯೆ ಎಂದರ್ಥ. ಊರಿನ ಬೆನ್ನಿಗೆ 2,970 ಮೀಟರು ಎತ್ತರದ ಶಿಲ್ಟ್‌ಹಾರ್ನ್ ಶಿಖರವಿದೆ. ವರ್ಷವಿಡೀ ಇಲ್ಲಿ ನೆಲೆಸಿರುವವರು ಕೆಲವು ನೂರು ಜನ ಮಾತ್ರ. ಕಣಿವೆಯಿಂದ ಊರಿಗೆ ಸಾರ್ವಜನಿಕರ ಮೋಟಾರು ರಸ್ತೆಯಿಲ್ಲ. ಊರಿನ ಕೆಲಸಕ್ಕೆ ಬೇಕಾದ ಕೆಲವು ಚಿಕ್ಕ ಬಂಡಿಗಳನ್ನು ಬಿಟ್ಟರೆ ಬೀದಿಗಳು ಕಾಲ್ನಡೆಯವರಿಗೂ ಮಕ್ಕಳ ಜಾರುಬಂಡಿಗಳಿಗೂ ಮೀಸಲು.

ಹಳೆಯ ಬಾಳು

ಇಷ್ಟು ದುರ್ಗಮವಾದ ಜಗುಲಿಯ ಮೇಲೆ ಊರು ಕಟ್ಟಿದವರು ವಿಲಾಸಿಗಳಲ್ಲ, ದನ ಸಾಕುವ ಬಡವರು. ಮಧ್ಯಯುಗದಲ್ಲಿ ದಕ್ಷಿಣದ ವಾಲೇ ಪ್ರಾಂತದ ಲ್ಯೋಚೆನ್ ಕಣಿವೆಯಿಂದ ಎತ್ತರದ ಕಣಿವೆಮಾರ್ಗಗಳನ್ನು ದಾಟಿ ಬಂದ ಕುಟುಂಬಗಳು ಲೌಟರ್‌ಬ್ರುನೆನ್ ಕಣಿವೆಯ ಮೇಲ್ಭಾಗದಲ್ಲಿ ನೆಲೆಸಿದವು. ವಾಲೇ ಪ್ರಾಂತದಿಂದ ಹೀಗೆ ಆಲ್ಪ್ಸ್‌ನ ಬೇರೆ ಬೇರೆ ಕಡೆಗೆ ಹರಡಿದ ಜನರನ್ನು ಇತಿಹಾಸಕಾರರು ವಾಲ್ಸರ್ ಜನರೆಂದು ಕರೆಯುತ್ತಾರೆ. ತಗ್ಗಿನ ಒಳ್ಳೆಯ ಭೂಮಿ ಆಗಲೇ ಇತರರ ವಶವಾಗಿದ್ದುದರಿಂದ ಎತ್ತರದ ನೆಲವೇ ಇವರ ಪಾಲಿಗೆ ಬಂದಿತು.

ಅಲ್ಲಿನ ಬೇಸಾಯ ಕಾಲದೊಡನೆ ಓಟದ ಪಂದ್ಯವಿದ್ದಂತೆ. ಬೇಸಗೆ ಚಿಕ್ಕದು, ಆ ಕೆಲವು ತಿಂಗಳಲ್ಲಿ ಹಸುಗಳನ್ನು ಮೇಲಿನ ಗೋಮಾಳಗಳಿಗೆ ಅಟ್ಟಬೇಕು, ಹಾಲನ್ನು ಕೆಡದ ಹಾಗೆ ಗಿಣ್ಣಾಗಿ ಮಾಡಬೇಕು, ಕಡಿದಾದ ಇಳಿಜಾರುಗಳಲ್ಲಿ ಹುಲ್ಲನ್ನು ಕೊಯ್ದು ಒಣಗಿಸಿ ಕೊಟ್ಟಿಗೆ ತುಂಬಬೇಕು. ಉಳಿದ ಕಾಲವೆಲ್ಲ ಹಿಮ. ಮೇವು ಮುಗಿದರೆ ಹಸು ಉಳಿಯದು. ಹಸು ಉಳಿಯದಿದ್ದರೆ ಮನೆ ಉಳಿಯದು.

ಇಂತಹ ಬಾಳಿನಿಂದ ಒಂದು ಮುಖ್ಯವಾದ ಪದ್ಧತಿ ಬೆಳೆಯಿತು. ವಾಲೇ ಪ್ರಾಂತದ ಟ್ಯೋರ್ಬೆಲ್ ಎಂಬ ಹಳ್ಳಿಯಲ್ಲಿ 1517ರ ಒಂದು ಕಟ್ಟಳೆ ದೊರೆತಿದೆ. ಒಬ್ಬನು ಚಳಿಗಾಲದಲ್ಲಿ ತನ್ನ ಮೇವಿನಿಂದ ಎಷ್ಟು ಹಸುಗಳನ್ನು ಸಾಕಬಲ್ಲನೋ ಅಷ್ಟನ್ನೇ ಬೇಸಗೆಯಲ್ಲಿ ಊರೊಟ್ಟಿನ ಗೋಮಾಳಕ್ಕೆ ಬಿಡತಕ್ಕದ್ದು ಎಂಬುದು ಅದರ ಸಾರಾಂಶ. ಹಣವಿದ್ದವನು ಹೊರಗಿನಿಂದ ನೂರು ಹಸುಗಳನ್ನು ತಂದು ಎಲ್ಲರ ಹುಲ್ಲನ್ನು ಮೇಯಿಸಿಬಿಡಲು ಇದರಿಂದ ಸಾಧ್ಯವಾಗಲಿಲ್ಲ. ಅಮೆರಿಕದ ವಿದ್ವಾಂಸೆ ಎಲಿನರ್ ಆಸ್ಟ್ರಮ್ ಅವರು 1990ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ಹಳ್ಳಿಯನ್ನು ಉದಾಹರಿಸಿ, ಊರೊಟ್ಟಿನ ಸ್ವತ್ತನ್ನು ಊರವರೇ ಕಟ್ಟಳೆ ಮಾಡಿಕೊಂಡು ಬಹುಕಾಲ ಕಾಪಾಡಬಲ್ಲರೆಂದು ತೋರಿಸಿದರು. ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ದೊರೆಯಿತು. ಕಾಡಿನ ವಿಷಯದಲ್ಲಿಯೂ ಇಂತಹುದೇ ವ್ಯವಸ್ಥೆಯಿತ್ತು. ಆಂಡರ್‌ಮಾಟ್ ಎಂಬ ಊರಿನವರು ತಮ್ಮ ಮನೆಗಳ ಮೇಲುಗಡೆಯ ಕಾಡನ್ನು ಯಾರೂ ಕಡಿಯಕೂಡದೆಂದು 1397ರಲ್ಲಿಯೇ ಬರೆದಿಟ್ಟರು. ಏಕೆಂದರೆ ಹಿಮಕುಸಿತವನ್ನು ತಡೆಯುವ ಗೋಡೆ ಆ ಮರಗಳೇ. ಮುಂದೆ ಮೋಟಾರಿನ ಪ್ರಶ್ನೆ ಬಂದಾಗ ಆಲ್ಪ್ಸ್‌ನ ಕೆಲವು ಊರುಗಳು ಕೊಟ್ಟ ಉತ್ತರವನ್ನು ತಿಳಿಯಬೇಕಾದರೆ ಈ ಹಳೆಯ ಅಭ್ಯಾಸವನ್ನು ನೆನಪಿನಲ್ಲಿಡಬೇಕು.

ಪ್ರವಾಸಿಗಳು ಬಂದುದು

ಹದಿನೆಂಟನೆಯ ಶತಮಾನದವರೆಗೆ ಹೊರಗಿನವರಿಗೆ ಆಲ್ಪ್ಸ್ ಎಂದರೆ ಭಯದ ಸ್ಥಳ. ಕವಿಗಳೂ ಚಿತ್ರಕಾರರೂ ಅದರ ಸೌಂದರ್ಯವನ್ನು ಹೊಗಳಿದ ಮೇಲೆ ಜನರು ನೋಡಲು ಬಂದರು. ನೋಡಿದವರು ಹತ್ತಲು ಬಂದರು. 1865ರ ಜುಲೈ 14ರಂದು ಎಡ್ವರ್ಡ್ ವಿಂಪರ್ ಎಂಬ ಆಂಗ್ಲನ ತಂಡದ ಏಳು ಮಂದಿ ಜ಼ರ್ಮಾಟ್ ಗ್ರಾಮದ ಮೇಲಿರುವ ಮ್ಯಾಟರ್‌ಹಾರ್ನ್ ಶಿಖರವನ್ನು ಮೊಟ್ಟಮೊದಲು ಹತ್ತಿದರು. ಇಳಿಯುವಾಗ ನಾಲ್ವರು ಬಿದ್ದು ಸತ್ತರು. ಆ ದುರಂತದ ಸುದ್ದಿಯೇ ಆ ಊರಿಗೆ ಪ್ರಚಾರವಾಯಿತು.

ಆದರೆ ಇದೆಲ್ಲ ಬೇಸಗೆಯ ಪ್ರವಾಸ. ಮ್ಯೂರೆನ್‌ಗೆ ಬರುವ ಅತಿಥಿಗಳು ಕಣಿವೆಯಿಂದ ನಡೆದೋ, ಕುದುರೆ ಹೇಸರಗತ್ತೆಗಳ ಮೇಲೆ ಕುಳಿತೋ ಬರುತ್ತಿದ್ದರು. ಹಣವುಳ್ಳ ಕೆಲವರು ಕುರ್ಚಿಯಲ್ಲಿ ಕುಳಿತು ಆಳುಗಳ ಹೆಗಲ ಮೇಲೆ ಬರುತ್ತಿದ್ದರು. 1891ರಲ್ಲಿ ಲೌಟರ್‌ಬ್ರುನೆನ್‌ನಿಂದ ಮ್ಯೂರೆನ್‌ಗೆ ರೈಲು ಬಂದಿತು. ಇದರ ಮೊದಲ ಭಾಗ, ಕಡಿದಾದ ಇಳಿಜಾರಿನಲ್ಲಿ ಗ್ರ್ಯೂಚಾಲ್ಪ್ ಎಂಬ ಸ್ಥಳದವರೆಗೆ, ಹಗ್ಗದಿಂದ ಎಳೆಯುವ ರೈಲು. ಅದು ಮೊದಲು ನಡೆಯುತ್ತಿದ್ದ ರೀತಿ ಸ್ವಾರಸ್ಯಕರವಾದುದು. ಒಂದೇ ಹಗ್ಗದ ಎರಡು ತುದಿಗಳಿಗೆ ಎರಡು ಗಾಡಿಗಳು; ಮೇಲಿನ ಗಾಡಿಯ ತೊಟ್ಟಿಗೆ ನೀರು ತುಂಬುವರು; ಆ ಭಾರಕ್ಕೆ ಅದು ಕೆಳಗಿಳಿಯುತ್ತಿರಲು ಕೆಳಗಿನ ಗಾಡಿ ತಾನಾಗಿ ಮೇಲೇರುವುದು; ಕೆಳಗೆ ತಲುಪಿದ ಗಾಡಿಯ ನೀರನ್ನು ಹೊರಕ್ಕೆ ಬಿಡುವರು. ಬಾವಿಯ ರಾಟೆಗೆ ಎರಡು ಕೊಡಗಳನ್ನು ಕಟ್ಟಿದಂತೆಯೇ ಇದು. ಮುಂದೆ ವಿದ್ಯುತ್ತು ಬಂದಿತು. 2006ರಲ್ಲಿ ಈ ಭಾಗಕ್ಕೆ ಹಗ್ಗದ ರೈಲಿನ ಬದಲು ರೋಪ್‌ವೇ ಆಯಿತು. ಗ್ರ್ಯೂಚಾಲ್ಪ್‌ನಿಂದ ಮ್ಯೂರೆನ್‌ವರೆಗೆ ಜಗುಲಿಯ ಅಂಚಿನಲ್ಲಿ ಚಿಕ್ಕ ರೈಲು ಓಡುತ್ತದೆ.

ಹೀಗೆ ಊರಿಗೆ ಮೋಟಾರು ಕಾಲಕ್ಕೆ ಮುಂಚೆಯೇ ರೈಲು ಬಂದಿತೆಂಬುದನ್ನು ಗಮನಿಸಬೇಕು. ಅತಿಥಿ, ಅಕ್ಕಿ, ಕಲ್ಲಿದ್ದಲು, ಪತ್ರ, ಎಲ್ಲವೂ ರೈಲಿನಲ್ಲಿ ಬರುತ್ತಿರಲು ರಸ್ತೆಯ ತುರ್ತು ಕಡಿಮೆಯಾಯಿತು. ಜ಼ರ್ಮಾಟ್‌ಗೂ 1891ರಲ್ಲಿಯೇ, ಎದುರು ದಡದ ವೆಂಗೆನ್ ಗ್ರಾಮಕ್ಕೆ 1893ರಲ್ಲಿ ರೈಲು ಬಂದಿತು. ಇಂದು ಈ ಮೂರೂ ಮೋಟಾರಿಲ್ಲದ ಊರುಗಳೆಂದು ಪ್ರಸಿದ್ಧವಾಗಿರುವುದು ಕೇವಲ ಆಕಸ್ಮಿಕವಲ್ಲ.

ಮದರಾಸಿನಲ್ಲಿ ಹುಟ್ಟಿದ ಆಟಗಾರ

ಸ್ಕೀ ಹಲಗೆಗಳು ಆಲ್ಪ್ಸ್‌ನವಲ್ಲ. ನಾರ್ವೆ ಮೊದಲಾದ ಉತ್ತರ ದೇಶಗಳವು. ಅಲ್ಲಿ ಅವು ಆಟಿಕೆಗಳಲ್ಲ, ಹಿಮದಲ್ಲಿ ಹೂತುಹೋಗದೆ ನಡೆಯುವ ಪಾದರಕ್ಷೆಗಳು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವು ಸ್ವಿಟ್ಜರ್ಲೆಂಡಿಗೆ ಬಂದವು. ಷರ್ಲಾಕ್ ಹೋಮ್ಸನ ಕಥೆಗಳನ್ನು ಬರೆದ ಆರ್ಥರ್ ಕಾನನ್ ಡಾಯ್ಲ್ 1894ರಲ್ಲಿ ಡಾವೋಸ್ ಊರಿನ ಇಬ್ಬರು ಸೋದರರೊಡನೆ ಬೆಟ್ಟ ದಾಟಿ ಆರೋಸಾಕ್ಕೆ ಹೋಗಿ ಆ ಅನುಭವವನ್ನು ಪತ್ರಿಕೆಯಲ್ಲಿ ಬರೆದುದು ಆಂಗ್ಲರಲ್ಲಿ ಈ ಆಟದ ಕುತೂಹಲವನ್ನು ಹೆಚ್ಚಿಸಿತು.

ಮ್ಯೂರೆನ್‌ನ ಚಳಿಗಾಲದ ಭಾಗ್ಯಕ್ಕೆ ಕಾರಣರಾದವರು ಲನ್ ಎಂಬ ಮನೆತನದ ತಂದೆ ಮಕ್ಕಳು. ತಂದೆ ಹೆನ್ರಿ ಲನ್ ಮೆಥಡಿಸ್ಟ್ ಮಿಷನರಿಯಾಗಿ ಭಾರತಕ್ಕೆ ಬಂದಿದ್ದರು. ಅವರ ಮಗ ಆರ್ನಾಲ್ಡ್ ಲನ್ 1888ರಲ್ಲಿ ಮದರಾಸಿನಲ್ಲಿ ಜನಿಸಿದರು. ಇಂಗ್ಲೆಂಡಿಗೆ ಮರಳಿದ ತರುವಾಯ ಹೆನ್ರಿ ಲನ್ ಪ್ರವಾಸಗಳನ್ನು ಏರ್ಪಡಿಸುವ ಉದ್ಯಮವನ್ನು ಹಿಡಿದರು. ಚಳಿಗಾಲದಲ್ಲಿ ಮುಚ್ಚಿರುತ್ತಿದ್ದ ಹೋಟೆಲುಗಳನ್ನು ತೆರೆಸಿ ಆಂಗ್ಲ ಕುಟುಂಬಗಳನ್ನು ಕರೆತಂದರು. 1910ರ ಚಳಿಗಾಲದಲ್ಲಿ ಮ್ಯೂರೆನ್ ರೈಲನ್ನು ಓಡಿಸುವಂತೆ ಒಪ್ಪಿಸಿದರು. ಹಿಮ ಬಿದ್ದೊಡನೆ ಹೊರಜಗತ್ತಿನ ಸಂಪರ್ಕ ಕಡಿಮೆಯಾಗುತ್ತಿದ್ದ ಗ್ರಾಮಕ್ಕೆ ಹಿಮವೇ ಆದಾಯವಾಯಿತು.

ಮಗ ಆರ್ನಾಲ್ಡ್ ಲನ್ ಆಟದ ಸ್ವರೂಪವನ್ನೇ ಬದಲಿಸಿದರು. ನಾರ್ವೆಯವರಲ್ಲಿ ದೂರದ ಓಟಕ್ಕೂ ಎತ್ತರದಿಂದ ಹಾರುವುದಕ್ಕೂ ಪ್ರಾಧಾನ್ಯ. ಆಲ್ಪ್ಸ್‌ನಂತಹ ಕಡಿದಾದ ಬೆಟ್ಟದಲ್ಲಿ ಇಳಿಯುವುದೇ ನಿಜವಾದ ಪರೀಕ್ಷೆಯೆಂಬುದು ಲನ್ ಅವರ ವಾದ. 1911ರಲ್ಲಿ ಅವರು ಮಾಂಟಾನಾ ಎಂಬಲ್ಲಿ ಇಳಿಜಾರಿನ ಪಂದ್ಯವೊಂದನ್ನು ನಡೆಸಿದರು. ಅದರ ಬಟ್ಟಲಿಗೆ ಕಂದಹಾರದ ಲಾರ್ಡ್ ರಾಬರ್ಟ್ಸ್ ಎಂಬ ಸೇನಾನಿಯ ಹೆಸರು. ಈ ಸೇನಾನಿ ಹುಟ್ಟಿದ್ದು ನಮ್ಮ ಕಾನ್ಪುರದಲ್ಲಿ. ಹೀಗೆ ಅಫ್ಘಾನಿಸ್ಥಾನದ ಕಂದಹಾರದ ಹೆಸರು ಸ್ವಿಸ್ ಹಿಮಕ್ಕೆ ಅಂಟಿಕೊಂಡಿತು. 1924ರಲ್ಲಿ ಮ್ಯೂರೆನ್‌ನಲ್ಲಿ ಸ್ಥಾಪಿತವಾದ ಸ್ಕೀ ಸಂಘಕ್ಕೂ ಕಂದಹಾರ್ ಸಂಘವೆಂದೇ ಹೆಸರಾಯಿತು.

1922ರ ಜನವರಿಯಲ್ಲಿ ಲನ್ ಅವರು ಮ್ಯೂರೆನ್‌ನ ಇಳಿಜಾರಿನಲ್ಲಿ ಜೋಡಿ ಜೋಡಿಯಾಗಿ ಕೋಲುಗಳನ್ನು ನೆಟ್ಟು, ಅವುಗಳ ನಡುವೆ ತಿರುಗುತ್ತ ಯಾರು ಬೇಗ ಇಳಿಯುವರೆಂಬ ಪಂದ್ಯವಿಟ್ಟರು. ತಿರುವಿನ ಅಂದಕ್ಕೆ ಅಂಕವಿಲ್ಲ, ಗಡಿಯಾರವೇ ತೀರ್ಪುಗಾರ. ಇದೇ ಆಧುನಿಕ ಸ್ಲಾಲಂ ಪಂದ್ಯದ ಆರಂಭ. 1928ರಲ್ಲಿ 17 ಮಂದಿ ಸಾಹಸಿಗಳು ಶಿಲ್ಟ್‌ಹಾರ್ನ್ ಶಿಖರದಿಂದ ಕಣಿವೆಯ ತಳದವರೆಗೆ ‘ಇನ್‌ಫರ್ನೋ’ ಎಂಬ ಪಂದ್ಯ ಓಡಿದರು. ಆ ಹೆಸರಿಗೆ ನರಕವೆಂದರ್ಥ! ಈಗ ಆ ಪಂದ್ಯಕ್ಕೆ ಸಾವಿರಕ್ಕೂ ಹೆಚ್ಚು ಜನ ಸೇರುತ್ತಾರೆ. 1931ರಲ್ಲಿ ಇಳಿಜಾರಿನ ಸ್ಕೀಯಿಂಗಿನ ಮೊದಲ ವಿಶ್ವ ಪಂದ್ಯಾವಳಿ ಮ್ಯೂರೆನ್‌ನಲ್ಲಿ ನಡೆಯಿತು. ಅದರಲ್ಲಿ ಮಹಿಳೆಯರಿಗೂ ಪಂದ್ಯಗಳಿದ್ದುವೆಂಬುದು ಗಮನಾರ್ಹ. ಬ್ರಿಟನ್ನಿನ ಎಸ್ಮೆ ಮ್ಯಾಕಿನನ್ ಎರಡರಲ್ಲಿಯೂ ಗೆದ್ದರು. 1936ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಇಳಿಜಾರಿನ ಸ್ಕೀಯಿಂಗಿಗೆ ಸ್ಥಾನ ದೊರೆಯಿತು. ಮೋಟಾರು ಹತ್ತದ ಒಂದು ಹಳ್ಳಿಯ ಆಟ ಹದಿನಾಲ್ಕು ವರ್ಷಗಳಲ್ಲಿ ಜಗತ್ತಿನ ಆಟವಾಯಿತು.

ರಜೆಯ ಒಂದು ದಿನ

ಇಂತಹ ಊರಿನಲ್ಲಿ ಒಂದು ದಿನ ಹೇಗೆ ಕಳೆಯುತ್ತದೆಂಬುದನ್ನು ಸ್ವಲ್ಪ ನೋಡೋಣ. ಕಾರಿನಲ್ಲಿ ಬಂದವರು ಅದನ್ನು ಕಣಿವೆಯಲ್ಲಿಯೇ ಬಿಟ್ಟು ರೋಪ್‌ವೇ ಅಥವಾ ರೈಲು ಹಿಡಿಯಬೇಕು. ಮೇಲೆ ಇಳಿದವರ ಪೆಟ್ಟಿಗೆಗಳನ್ನು ಹೋಟೆಲಿನ ಚಿಕ್ಕ ಬಂಡಿಯೋ, ಅವರೇ ಎಳೆಯುವ ಜಾರುಬಂಡಿಯೋ ಸಾಗಿಸುತ್ತದೆ. ಹಲಗೆ, ಬೂಟು, ಊರುಗೋಲುಗಳು ಬಾಡಿಗೆಗೆ ದೊರೆಯುತ್ತವೆ. ಬೂಟು ಕಲ್ಲಿನಂತೆ ಗಟ್ಟಿ. ಅದನ್ನು ತೊಟ್ಟು ನೆಲದ ಮೇಲೆ ನಡೆಯುವುದೇ ಕಷ್ಟ. ಬಿದ್ದಾಗ ಕಾಲು ಮುರಿಯದಂತೆ ಹಲಗೆ ತಾನಾಗಿ ಕಳಚಿಕೊಳ್ಳುವ ಕೊಂಡಿಯಿರುತ್ತದೆ.

ಹೊಸಬನಿಗೆ ಶಿಕ್ಷಕನು ಮೊದಲು ಕಲಿಸುವುದು ಓಡುವುದನ್ನಲ್ಲ, ನಿಲ್ಲುವುದನ್ನು. ಹಲಗೆಗಳ ಮುಂದಿನ ತುದಿಗಳನ್ನು ಹತ್ತಿರ ತಂದು ಹಿಂದಿನ ತುದಿಗಳನ್ನು ಅಗಲಿಸಿದರೆ ಒಳ ಅಂಚುಗಳು ಹಿಮವನ್ನು ಕಚ್ಚಿ ವೇಗ ತಗ್ಗುತ್ತದೆ. ಒಂದು ಕಾಲಿನ ಮೇಲೆ ಭಾರ ಹಾಕಿದರೆ ದಿಕ್ಕು ತಿರುಗುತ್ತದೆ. ಎಡಕ್ಕೆ ಹೋಗಬೇಕಾದವನು ಬಲಗಾಲನ್ನು ಒತ್ತಬೇಕು. ಹೊಸಬನ ಮೈ ಇದಕ್ಕೆ ಬೇಗನೆ ಒಪ್ಪುವುದಿಲ್ಲ. ಇಳಿದವನು ಮತ್ತೆ ಹತ್ತಬೇಕಷ್ಟೆ. ಮೊದಲಿನವರು ಹಲಗೆಯ ಅಡಿಗೆ ಸೀಲ್ ಎಂಬ ಕಡಲಪ್ರಾಣಿಯ ಚರ್ಮ ಕಟ್ಟಿಕೊಂಡು ನಡೆದೇ ಹತ್ತುತ್ತಿದ್ದರು. ಒಂದು ಇಳಿತಕ್ಕೆ ಅರ್ಧ ದಿನದ ಏರಿಕೆ. 1934ರಲ್ಲಿ ಡಾವೋಸ್‌ನಲ್ಲಿ ಅರ್ನ್‌ಸ್ಟ್ ಕಾನ್‌ಸ್ಟಾಮ್ ಎಂಬ ಎಂಜಿನಿಯರನ ಎಳೆಹಗ್ಗದ ಯಂತ್ರ ಆರಂಭವಾದ ಮೇಲೆ ಏರುವ ಕಷ್ಟ ತಪ್ಪಿತು, ಆಟಗಾರರ ಸಂಖ್ಯೆ ಹೆಚ್ಚಿತು.

ಇಳಿಜಾರುಗಳನ್ನು ಕಷ್ಟಕ್ಕೆ ತಕ್ಕಂತೆ ನೀಲಿ, ಕೆಂಪು, ಕಪ್ಪು ಎಂದು ಗುರುತಿಸಿರುತ್ತಾರೆ. ಕಪ್ಪು ಅತಿ ಕಠಿಣ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಹತ್ತು ನಿಯಮಗಳು ಎಲ್ಲರಿಗೂ ಅನ್ವಯಿಸುತ್ತವೆ. ಹಿಂದಿನಿಂದ ಬರುವವನು ಮುಂದಿರುವವನಿಗೆ ಅಪಾಯವಾಗದಂತೆ ತನ್ನ ದಾರಿಯನ್ನು ಆರಿಸಿಕೊಳ್ಳಬೇಕೆಂಬುದು ಅವುಗಳಲ್ಲೊಂದು. ವೇಗವುಳ್ಳವನ ಮೇಲೆಯೇ ಹೊಣೆ. ನಿಧಾನವಾಗಿ ಹೋಗುವವನ ಮೇಲಲ್ಲ. ಹಿಮಕುಸಿತದ ಅಪಾಯವನ್ನು ದಿನದಿನವೂ ಒಂದರಿಂದ ಐದರವರೆಗಿನ ಅಂಕೆಯಲ್ಲಿ ಸಾರುತ್ತಾರೆ. ಸಂಜೆ ಬೇಗ ಕತ್ತಲಾಗುತ್ತದೆ. ಮೋಟಾರಿನ ಸದ್ದಿಲ್ಲದ ಬೀದಿಯಲ್ಲಿ ಹಿಮ ತುಳಿಯುವ ಬೂಟುಗಳ ಸಪ್ಪಳವೂ, ತಂದೆತಾಯಿಗಳ ಕಣ್ಣಳತೆಯಿಲ್ಲದೆಯೂ ನಿರ್ಭಯವಾಗಿ ಜಾರುಬಂಡಿಯಾಡುವ ಮಕ್ಕಳ ಕೂಗೂ ಕೇಳುತ್ತವೆ. ಅಲ್ಲಿಗೆ ಜನ ಹಣ ತೆತ್ತು ಬರುವುದು ಹಿಮಕ್ಕಾಗಿ ಎಷ್ಟೋ, ಈ ನಿಶ್ಶಬ್ದಕ್ಕಾಗಿಯೂ ಅಷ್ಟೇ.

ಮೋಟಾರು ಬೇಡವೆಂದ ಊರುಗಳು

ಮ್ಯೂರೆನ್‌ಗೆ ಬಂಡೆಯ ಗೋಡೆಯೇ ಕಾವಲು; ಆದುದರಿಂದ ಅದರ ನಿಶ್ಶಬ್ದವು ನಿಸರ್ಗದ ಕೊಡುಗೆಯೆಂದು ಹೇಳಿಬಿಡಬಹುದು. ಆದರೆ ಈ ಮಾತು ಪೂರ್ತಿ ನಿಜವಲ್ಲ. ಸುರಂಗ ಕೊರೆದು, ಸೇತುವೆ ಕಟ್ಟಿ, ಎಂತಹ ಬೆಟ್ಟಕ್ಕೂ ರಸ್ತೆಯೊಯ್ಯುವ ವಿದ್ಯೆ ಸ್ವಿಸ್ಸರಲ್ಲಿ ಇಲ್ಲದಿಲ್ಲ. ಸಾಸ್-ಫೇ ಎಂಬ ಊರಿನ ಉದಾಹರಣೆ ಇದಕ್ಕೆ ಸಾಕ್ಷಿ. ಅಲ್ಲಿಗೆ 1951ರಲ್ಲಿ ಮೋಟಾರು ರಸ್ತೆ ಬಂದಿತು. ಆದರೂ ಊರವರು ಕಾರುಗಳನ್ನು ಊರ ಬಾಗಿಲಲ್ಲಿಯೇ ನಿಲ್ಲಿಸಿದರು. ಜ಼ರ್ಮಾಟ್‌ಗೆ ಹೋಗುವವರು ಸುಮಾರು 5 ಕಿಲೋಮೀಟರು ಕೆಳಗಿನ ಟೇಷ್ ಎಂಬಲ್ಲಿ ಕಾರನ್ನು ಬಿಟ್ಟು ರೈಲು ಹತ್ತಬೇಕು. ಊರೊಳಗೆ ಕುದುರೆ ಬಂಡಿಗಳೂ, ಪೆಟ್ಟಿಗೆಯಂತಹ ಚಿಕ್ಕ ವಿದ್ಯುತ್ ಬಂಡಿಗಳೂ ಓಡಾಡುತ್ತವೆ. ವಿದ್ಯುತ್ ಬಂಡಿ ಇಟ್ಟುಕೊಳ್ಳುವುದಕ್ಕೂ ಅನುಮತಿ ಬೇಕು.

ಇಲ್ಲಿ ಗೋಮಾಳದ ಹಳೆಯ ಕಟ್ಟಳೆಯನ್ನು ನೆನೆಯಬೇಕು. ಬೆಟ್ಟದ ಊರಿನ ಬೀದಿ ಇಕ್ಕಟ್ಟಾದುದು. ಗಾಳಿ ನಿಲ್ಲುವ ಕಣಿವೆಯಲ್ಲಿ ಹೊಗೆಯೂ ನಿಲ್ಲುತ್ತದೆ. ಒಬ್ಬನು ಕಾರು ತಂದರೆ ಅವನಿಗೆ ಸುಖ. ಎಲ್ಲರೂ ತಂದರೆ ಯಾರಿಗೂ ಸುಖವಿಲ್ಲ. ಹುಲ್ಲಿನ ವಿಷಯದಲ್ಲಿ ಅವರ ಹಿರಿಯರು ಕಂಡುಕೊಂಡ ನ್ಯಾಯವೂ ಇದೇ ಆಗಿತ್ತು. ನಿಶ್ಶಬ್ದ, ಶುಚಿಯಾದ ಗಾಳಿ, ನಡೆಯಲು ಬೀದಿ, ಇವನ್ನು ಊರೊಟ್ಟಿನ ಸ್ವತ್ತೆಂದು ತಿಳಿದು, ಹಣವಂತನಿಗೂ ಅದರಲ್ಲಿ ಹೆಚ್ಚಿನ ಪಾಲಿಲ್ಲವೆಂದು ಗೊತ್ತುಮಾಡಿದುದೇ ಮೋಟಾರಿಲ್ಲದ ಊರಿನ ತಿರುಳೆಂದು ನನ್ನ ಅಭಿಪ್ರಾಯ.

ಆದರೆ ಕಾರು ಬೇಡವೆನ್ನುವುದಕ್ಕೆ ಮುಂಚೆ ಬೇರೆ ದಾರಿ ಇರಬೇಕು. ಮ್ಯೂರೆನ್‌ಗೆ ರೈಲಿದೆ, 1960ರ ದಶಕದಲ್ಲಿ ಕಣಿವೆಯ ಶ್ಟೆಖೆಲ್‌ಬೆರ್ಗ್‌ನಿಂದ ಮ್ಯೂರೆನ್ ಮೂಲಕ ಶಿಲ್ಟ್‌ಹಾರ್ನ್ ಶಿಖರದವರೆಗೆ ರೋಪ್‌ವೇ ಕಟ್ಟಿ 1967ರಲ್ಲಿ ಮುಗಿಸಿದರು. ಶಿಖರದ ಮೇಲಿನ ತಿರುಗುವ ಭೋಜನಶಾಲೆ 1969ರಲ್ಲಿ ತೆರೆಕಂಡ ಜೇಮ್ಸ್ ಬಾಂಡ್ ಚಿತ್ರದಿಂದ ಪ್ರಸಿದ್ಧವಾಯಿತು. 2024ರ ಡಿಸೆಂಬರಿನಲ್ಲಿ ಕಣಿವೆಯಿಂದ ಮ್ಯೂರೆನ್‌ಗೆ ನೇರವಾದ ಹೊಸ ರೋಪ್‌ವೇ ಆರಂಭವಾಯಿತು. ಜಗತ್ತಿನ ರೋಪ್‌ವೇಗಳಲ್ಲಿ ಇದೇ ಅತ್ಯಂತ ಕಡಿದಾದುದು. ರೋಗಿಯನ್ನು ಸಾಗಿಸಲು ಹೆಲಿಕಾಪ್ಟರುಗಳಿವೆ; ರೇಗಾ ಎಂಬ ವಾಯುರಕ್ಷಣಾ ಸಂಸ್ಥೆ 1952ರಲ್ಲಿಯೇ ಹುಟ್ಟಿತು. ಆದುದರಿಂದ ಮೋಟಾರಿಲ್ಲದ ಊರೆಂದರೆ ದಾರಿಯಿಲ್ಲದ ಊರಲ್ಲ. ದಾರಿಯಿಲ್ಲದೆ ರೋಗಿಯನ್ನು ಹೊತ್ತು ಸಾಗಿಸುವ ಊರಿನ ಮೌನ ಬೇರೆ. ಎಲ್ಲ ದಾರಿಗಳೂ ಇದ್ದು ಒಂದನ್ನು ಬೇಡವೆಂದ ಊರಿನ ಮೌನ ಬೇರೆ. ಎರಡನ್ನೂ ‘ಪ್ರಶಾಂತ ಗ್ರಾಮಜೀವನ’ ಎಂಬ ಒಂದೇ ಮಾತಿನಿಂದ ಹೊಗಳುವುದು ಸರಿಯಲ್ಲ.

ಭಾರ ಹೊತ್ತವರು ಯಾರು?

ಮೋಟಾರು ಇಲ್ಲದ ಕಡೆ ಭಾರವನ್ನು ಯಾರಾದರೂ ಹೊರಲೇಬೇಕು. ಮನೆಯಲ್ಲಿ ಮೊದಲಿಗನಾಗಿ ಕಾಲೇಜು ಮೆಟ್ಟಿಲು ಹತ್ತಿದ ನನ್ನಂತಹವನಿಗೆ ಯಾವ ರಮ್ಯ ಸ್ಥಳದ ವರ್ಣನೆ ಓದಿದರೂ ಈ ಪ್ರಶ್ನೆ ಬಾರದಿರದು. ಮೊದಲು ಕುರ್ಚಿ ಹೊತ್ತವರು ಆ ಕಣಿವೆಗಳ ಬಡ ರೈತರೇ. ರೈಲು ಬಂದು ಆ ಹೊರೆ ಇಳಿಯಿತು. ಆದರೆ ಹೋಟೆಲಿನ ಹಾಸಿಗೆ ಮಡಿಸುವವರು, ಪಾತ್ರೆ ತೊಳೆಯುವವರು, ಸುರಂಗ ಕೊರೆಯುವವರು, ಕಟ್ಟಡ ಕಟ್ಟುವವರು ಬೇಕೇ ಬೇಕು. ಸ್ವಿಟ್ಜರ್ಲೆಂಡ್ ಇದಕ್ಕಾಗಿ ಇಟಲಿ, ಸ್ಪೇನ್, ಪೋರ್ಚುಗಲ್, ಯುಗೊಸ್ಲಾವಿಯಾಗಳಿಂದ ಕೆಲಸಗಾರರನ್ನು ಕರೆಸಿತು. 1934ರಿಂದ 2002ರವರೆಗೆ ‘ಋತುಕಾಲಿಕ ಕೆಲಸಗಾರ’ರೆಂಬ ಕಾನೂನು ಅಲ್ಲಿತ್ತು. ವರ್ಷಕ್ಕೆ ಒಂಬತ್ತು ತಿಂಗಳು ದುಡಿಯಬಹುದು. ಆಮೇಲೆ ದೇಶ ಬಿಡಬೇಕು. ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ. ಮಕ್ಕಳನ್ನು ಬಿಟ್ಟಿರಲಾರದ ಕೆಲವರು ಗುಟ್ಟಾಗಿ ಕರೆತಂದು, ಅಧಿಕಾರಿಗಳಿಗೆ ಸುಳಿವು ಸಿಗದಂತೆ ಮನೆಯೊಳಗೇ ಅಡಗಿಸಿಡುತ್ತಿದ್ದರು. ಸದ್ದು ಮಾಡಬಾರದೆಂದು ಆ ಮಕ್ಕಳಿಗೆ ಹೇಳಿಕೊಡಲಾಗಿತ್ತು. ಬೀದಿಯಲ್ಲಿ ಮಕ್ಕಳು ನಿರ್ಭಯವಾಗಿ ಕೂಗಾಡುವ ಊರುಗಳನ್ನು ಹೊಗಳುವವರು, ಅದೇ ದೇಶದಲ್ಲಿ ಪಿಸುಮಾತಿನಲ್ಲಿ ಬೆಳೆದ ಈ ಮಕ್ಕಳನ್ನೂ ನೆನೆಯಬೇಕಾದುದು ನ್ಯಾಯ.

ಇನ್ನೊಂದು ಹೊರೆ ಊರವರ ಮೇಲೆಯೇ ಬಿದ್ದಿದೆ. ಹೊರಗಿನ ಹಣವಂತರು ರಜೆಗೆಂದು ಮನೆಗಳನ್ನು ಕೊಂಡು ವರ್ಷದ ಬಹುಭಾಗ ಬೀಗ ಹಾಕಿರುವುದರಿಂದ ಬೆಲೆಯೇರಿ ಊರಿನ ಯುವಕರಿಗೆ ಮನೆ ದೊರೆಯುವುದು ಕಷ್ಟವಾಯಿತು. 2012ರ ಮಾರ್ಚಿಯಲ್ಲಿ ದೇಶವ್ಯಾಪಿ ಮತದಾನ ನಡೆದು, ಯಾವ ಗ್ರಾಮದಲ್ಲಿಯೂ ಇಂತಹ ಎರಡನೆಯ ಮನೆಗಳು ನೂರಕ್ಕೆ ಇಪ್ಪತ್ತನ್ನು ಮೀರಕೂಡದೆಂದು ಅತ್ಯಲ್ಪ ಬಹುಮತದಿಂದ ತೀರ್ಮಾನವಾಯಿತು. ಆಗಲೇ ಅದನ್ನು ಮೀರಿದ್ದ ಬೆಟ್ಟದ ಪ್ರಾಂತಗಳಲ್ಲಿ ಅನೇಕರು ಕಟ್ಟಡದ ಕೆಲಸ ನಿಲ್ಲುವುದೆಂದು ಇದನ್ನು ವಿರೋಧಿಸಿದರು. ಗೋಮಾಳದ ಕಟ್ಟಳೆಯನ್ನು ಮನೆಗಳಿಗೆ ಅನ್ವಯಿಸುವುದು ಸುಲಭವಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಹಿಮದ ಮುಂದಿನ ಗತಿ

ಊರು ಎಷ್ಟು ವಿವೇಕದಿಂದ ಕಟ್ಟಳೆ ಮಾಡಿಕೊಂಡರೂ ಅದರ ಎಲ್ಲೆಯ ಹೊರಗಿನ ಹೊಗೆಯನ್ನು ತಡೆಯಲಾರದು. ಭೂಮಿಯ ಉಷ್ಣತೆ ಏರುತ್ತಿರುವುದರಿಂದ ಆಲ್ಪ್ಸ್‌ನಲ್ಲಿ ಹಿಮ ನಿಲ್ಲುವ ದಿನಗಳು ಕಡಿಮೆಯಾಗುತ್ತಿವೆ. ಸ್ವಿಟ್ಜರ್ಲೆಂಡಿನ ಹಿಮನದಿಗಳು 2022 ಮತ್ತು 2023 ಈ ಎರಡೇ ವರ್ಷಗಳಲ್ಲಿ ತಮ್ಮ ಗಾತ್ರದ ಸುಮಾರು ಹತ್ತನೆಯ ಒಂದು ಭಾಗವನ್ನು ಕಳೆದುಕೊಂಡವು. ತಗ್ಗಿನ ಸ್ಕೀ ಊರುಗಳು ಯಂತ್ರದಿಂದ ಹಿಮವನ್ನು ಮಾಡಿ ಇಳಿಜಾರಿಗೆ ಎರಚುತ್ತವೆ. ಅದಕ್ಕೆ ನೀರೂ ವಿದ್ಯುತ್ತೂ ಬೇಕು, ಚಳಿಯಂತೂ ಬೇಕೇ ಬೇಕು.

ಮ್ಯೂರೆನ್‌ನ ಹಿರಿಯರು ಹೊರಟುಬಂದ ಲ್ಯೋಚೆನ್ ಕಣಿವೆಯಲ್ಲಿಯೇ 2025ರ ಮೇ 28ರಂದು ಒಂದು ಮಹಾ ವಿಪತ್ತು ಸಂಭವಿಸಿತು. ಬೆಟ್ಟದ ಬಂಡೆಗಳು ಬಿರ್ಚ್ ಎಂಬ ಹಿಮನದಿಯ ಮೇಲೆ ಕುಸಿದು, ಆ ಭಾರಕ್ಕೆ ಹಿಮನದಿಯೇ ಜಾರಿ, ಬ್ಲಾಟೆನ್ ಗ್ರಾಮದ ಬಹುಭಾಗವನ್ನು ಹೂತುಹಾಕಿತು. ಬೆಟ್ಟವನ್ನು ಕಾಯುತ್ತಿದ್ದ ತಜ್ಞರ ಎಚ್ಚರಿಕೆಯಂತೆ ಕೆಲವು ದಿನಗಳ ಮುಂಚೆಯೇ ಸುಮಾರು 300 ಮಂದಿ ಗ್ರಾಮಸ್ಥರು ದನಕರುಗಳೊಡನೆ ಊರು ಬಿಟ್ಟಿದ್ದರು. ಗ್ರಾಮದ ಹೊರಗಿದ್ದ ಒಬ್ಬರು ಮೃತರಾದರು. ಉಳಿದವರ ಪ್ರಾಣ ಉಳಿಯಿತು, ಮನೆಗಳು ಉಳಿಯಲಿಲ್ಲ. ಶತಮಾನಗಳ ಕಾಲ ಹಿಮವನ್ನು ಅಂಜಿ ಅರಿತು ಬಾಳಿದ ಜನಕ್ಕೂ ಬೆಟ್ಟದ ಹೊಸ ನಡತೆಯನ್ನು ಅರಿಯುವುದು ಕಷ್ಟವಾಗಿದೆ.

ಉಪಸಂಹಾರ

ಮೇಲಿನ ವಿಚಾರಗಳಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಮೋಟಾರಿಲ್ಲದ ಆಲ್ಪ್ಸ್ ಗ್ರಾಮವು ಹಳೆಯ ಕಾಲದ ಅವಶೇಷವಲ್ಲ. ರೈಲು, ವಿದ್ಯುತ್ತು, ರೋಪ್‌ವೇಗಳನ್ನು ತುಂಬಾ ಬಳಸಿಕೊಂಡ ಆಧುನಿಕ ಊರು. ಎರಡನೆಯದಾಗಿ, ಅದರ ಶಾಂತಿಗೆ ಆಧಾರ ಬೆಟ್ಟದ ಚೆಲುವು ಮಾತ್ರವಲ್ಲ. ಎಲ್ಲರಿಗೂ ಸೇರಿದುದನ್ನು ಒಬ್ಬೊಬ್ಬನ ಅನುಕೂಲಕ್ಕೆ ಬಿಟ್ಟುಕೊಡದ ಊರಿನ ಒಮ್ಮತ. ಮೂರನೆಯದಾಗಿ, ಆ ಒಮ್ಮತದೊಳಗೆ ಯಾರು ಸೇರಿದ್ದಾರೆ, ಯಾರನ್ನು ಹೊರಗಿಡಲಾಗಿದೆ ಎಂಬುದನ್ನು ಕೇಳದೆ ಅದನ್ನು ಹೊಗಳಲಾಗದು. ಗೋಮಾಳವನ್ನು ಕಾಯ್ದ ಕಟ್ಟಳೆ ಒಳ್ಳೆಯದೇ. ಆದರೆ ಗೋಮಾಳದಲ್ಲಿ ದುಡಿದವನ ಮಗುವಿಗೂ ಅಲ್ಲಿ ಜಾಗವಿರಬೇಕು. ಹಿಮದ ದಿನಗಳು ಕಡಿಮೆಯಾಗುತ್ತ ಬಂದಿರುವಾಗ, ಬೆಟ್ಟದ ಜನ ತಮ್ಮ ಹಳೆಯ ಕಟ್ಟಳೆಯ ಬುದ್ಧಿಯನ್ನು ಇನ್ನಷ್ಟು ವಿಶಾಲವಾಗಿ ಬಳಸಬೇಕಾಗುವುದೆಂಬುದರಲ್ಲಿ ಸಂದೇಹವಿಲ್ಲ. ಆ ಹೊಗೆಯಲ್ಲಿ ಪಾಲುಳ್ಳ ದೇಶಗಳೆಲ್ಲವೂ ಆ ಪಾಠವನ್ನು ಕಲಿಯಬೇಕಾಗಿದೆ.